ಗಿರಣಿ ಕಡೆ, ಸ್ಕೂಲ್ ಕಡೆ

“ಲೆಫ್ಟ್, ಅಮ್ಮ. ಲೆಫ್ಟ್.”

ಹುಟ್ಟು ಹಾಕುತ್ತಿದ್ದ ಅಮ್ಮ ಒಂದು ಗಳಿಗೆ ತಡೆದಳು. “ಏನಂದೆ?”

“ಲೆಫ್ಟ್ ಅಂದೆ,” ಎಂದು ಕ್ಯಾಪ್ಟನ್ ಸೇತುವೆಯವರೆಗೆ ಕೇಳುವಂತೆ ಕೂಗಿದಳು.

ಕ್ಯಾಪ್ಟನ್ ಎಂಬುದು ಐದನೇ ಕ್ಲಾಸಿನ ಈ ಹುಡುಗಿ ತನಗೆ ತಾನೇ ಇಟ್ಟುಕೊಂಡ ಹೆಸರು. ಬೇರೆ ಯಾರೂ ಅವಳನ್ನು ಹಾಗೆ ಕರೆಯುತ್ತಿರಲಿಲ್ಲ. ಅದೊಂದು ಕೊರತೆ ಬಿಟ್ಟರೆ ಹೆಸರು ಚೆನ್ನಾಗಿಯೇ ಇತ್ತು.

ಅವಳ ಕೆಲಸವೇನೂ ಸಣ್ಣದಲ್ಲ. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಅಮ್ಮನಿಗೆ ಕಾಣುವುದು ದಾಟಿ ಬಂದ ನೀರು. ಮುಂದಿನ ನೀರು ನೋಡುವುದು ಮಗಳ ಪಾಲು. ಪ್ರತಿ ಭಾನುವಾರ ಲಾಡ್ಜಿನ ಒಗೆದ ಚಾದರಗಳ ಗಂಟುಗಳನ್ನು ದೋಣಿಗೆ ಹೇರಿಕೊಂಡು, ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಹೊರಡುತ್ತಿದ್ದರು.

ಭಾನುವಾರದ ಹೊಳೆ ಎಂದರೆ ಕಾಲಿಡಲು ಜಾಗವಿಲ್ಲದ ಬಸ್ಸಿನ ಹಾಗೆ. ನಡುವೆ ಮೋಟಾರು ದೋಣಿಗಳ ಓಡಾಟ. ಸಣ್ಣ ದೋಣಿಗಳು ಸ್ಕೂಲಿನ ದಡದ ಹತ್ತಿರವೇ ಸಾಗಬೇಕು. ಅದೇ ದಡದಲ್ಲಿ ಗಾಳ ಹಾಕುವವರು ಸಾಲಾಗಿ ಕೂತಿರುತ್ತಾರೆ. ಅದಕ್ಕೇ ಅಮ್ಮ ಎರಡು ನಿಯಮ ಮಾಡಿದ್ದಳು. ಒಂದು, ದೋಣಿಯಲ್ಲಿ ಎದ್ದು ನಿಲ್ಲಬಾರದು. ಎರಡು, ಎಡ ಬಲ ಅನ್ನಬಾರದು. ಬೆನ್ನಿಗೆ ಬೆನ್ನು ಕೊಟ್ಟು ಕೂತವರಲ್ಲಿ ಒಬ್ಬರ ಎಡ ಇನ್ನೊಬ್ಬರಿಗೆ ಬಲ. ಆ ದಡದಲ್ಲಿ ಹಿಟ್ಟಿನ ಗಿರಣಿ, ಈ ದಡದಲ್ಲಿ ಸ್ಕೂಲು. ‘ಗಿರಣಿ ಕಡೆ’, ‘ಸ್ಕೂಲ್ ಕಡೆ’ ಎಂದರೆ ಆಯಿತು.

ಆದರೆ ಈ ದಿನ ಸೇತುವೆಯ ಮೇಲೆ ಕ್ಲಾಸ್ ಮಾನಿಟರ್ ನಿಂತಿದ್ದಳು. ಅವಳ ಮುಂದೆ ‘ಗಿರಣಿ ಕಡೆ’ ಎಂದರೆ ಹಿಟ್ಟು ಬೀಸಿಸಲು ಹೊರಟವರ ಮಾತಿನಂತೆ ಕೇಳಿಸುವುದಿಲ್ಲವೇ? ಕ್ಯಾಪ್ಟನ್ ಎದ್ದು ನಿಂತಳು. ಒಂದು ಕೈ ಸೊಂಟದ ಮೇಲೆ ಇಟ್ಟಳು, ಇನ್ನೊಂದನ್ನು ಮಾನಿಟರ್ ಕಡೆ ಬೀಸಿದಳು. ಬಾಯಲ್ಲಿ ಲೆಫ್ಟ್.

ಅಮ್ಮ ತನ್ನ ಎಡಕ್ಕೆ ದೋಣಿ ತಿರುಗಿಸಿದಳು. ಅಮ್ಮನ ಎಡಕ್ಕೆ ಇದ್ದದ್ದು ಸ್ಕೂಲು.

ಕ್ಯಾಪ್ಟನ್ ಸೇತುವೆಯಿಂದ ಕಣ್ಣು ಕೆಳಗಿಳಿಸುವಷ್ಟರಲ್ಲಿ ಹುಟ್ಟು ಯಾರದೋ ಗಾಳದ ದಾರವನ್ನು ಎತ್ತಿಕೊಂಡಿತ್ತು. ಕೋಲು ಬಿಲ್ಲಿನಂತೆ ಬಾಗಿತು. ಕೋಲು ಹಿಡಿದಿದ್ದ ಟೈಲರ್ ಅಜ್ಜ ಕೂತ ಕಲ್ಲಿನಿಂದ ಜಾರಿ ಮೊಣಕಾಲುದ್ದ ನೀರಿಗೆ ಬಿದ್ದ. ದಾರ ಪಟ್ಟನೆ ಕಡಿಯಿತು. ಗಾಳ ಹಾರಿ ಬಂದು ಅಮ್ಮನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಗಿ ಚಾದರದ ಗಂಟಿಗೆ ಕಚ್ಚಿಕೊಂಡಿತು.

ಕ್ಯಾಪ್ಟನ್ ಧಪ್ಪನೆ ಕೂತಳು. ಆದರೆ ಬಾಯಿ ಮಾತ್ರ ಇನ್ನೂ ಹಡಗಿನಲ್ಲೇ ಇತ್ತು.

“ಹೊಳೆ ಏನು ನಿಮ್ಮೊಬ್ರದ್ದಾ? ದಾರೀಲಿ ಯಾಕೆ ಗಾಳ ಹಾಕ್ತೀರಿ?”

“ಸುಮ್ಮನಿರು,” ಎಂದಳು ಅಮ್ಮ. ಆಮೇಲೆ ದಡದ ಕಡೆ ತಿರುಗಿ, “ತಪ್ಪು ನಂದೇ ಯಜಮಾನ್ರೆ. ದೋಣಿ ಈ ಕಡೆ ಎಳೆದುಬಿಟ್ಟೆ. ಏಟಾಯ್ತಾ?”

“ಏಟಿಲ್ಲ ತಾಯಿ. ಚಪ್ಪಲಿ ಒಂದು ಈಜಕ್ಕೆ ಹೋಯ್ತು ಅಷ್ಟೇ,” ಎಂದ ಅಜ್ಜ. ಅವನ ಪಂಚೆಯಿಂದ ನೀರು ಸೋರುತ್ತಿತ್ತು. ಗಾಳದ ದಾರದಿಂದ ಕಳಚಿದ ಕೆಂಪು ಬೆಂಡು ತೇಲುತ್ತ ದೂರವಾಯಿತು.

ದೋಣಿ ಲಾಡ್ಜಿನ ಮೆಟ್ಟಿಲು ಮುಟ್ಟಿತು. ಮ್ಯಾನೇಜರ್ ಹರಿದ ಚಾದರವನ್ನು ಎರಡೇ ಬೆರಳಲ್ಲಿ ಎತ್ತಿ ವಾಪಸು ಕೊಟ್ಟ. ಅಮ್ಮ ಅದನ್ನು ಮಡಿಸುತ್ತ ತನ್ನಷ್ಟಕ್ಕೆ ಹೇಳಿಕೊಂಡಳು: “ನನಗೇ ಏನೋ ಆಗಿದೆ. ದಡ ಯಾವ ಕಡೆ ಅನ್ನೋದೂ ಗೊತ್ತಾಗ್ಲಿಲ್ಲ. ಇನ್ಮೇಲೆ ಈ ಕಡೆ ದೋಣಿ ತರೋದೇ ಬೇಡ್ವೇನೋ.”

ಕ್ಯಾಪ್ಟನ್‌ಗೆ ಬೈಗುಳ ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಈಗ ಸುಮ್ಮನಿದ್ದರೆ ತಾನು ಉಳಿದಂತೆ, ತಪ್ಪು ಅಮ್ಮನ ತಲೆಗೆ. ಬಾಯಿ ಬಿಟ್ಟರೆ ದೋಣಿಯಲ್ಲಿ ತನ್ನ ಜಾಗ ಹೋದಂತೆ.

ಹಿಂದಿರುಗುವಾಗ ಮತ್ತೆ ಬೆನ್ನಿಗೆ ಬೆನ್ನು. ಮುಖ ಕಾಣದ್ದು ಒಳ್ಳೆಯದೇ ಆಯಿತು.

“ಅಮ್ಮ, ನಾನು ಗಿರಣಿ ಕಡೆ ಅನ್ನಬೇಕಿತ್ತು.”

ಹುಟ್ಟು ನಿಂತಿತು.

“ಮಾನಿಟರ್ ನೋಡ್ತಿದ್ಲು. ಅದಕ್ಕೆ ಲೆಫ್ಟ್ ಅಂದೆ. ಎದ್ದೂ ನಿಂತಿದ್ದೆ.”

ಅಮ್ಮನ ಬೆನ್ನು ಉಸಿರು ತುಂಬಿಕೊಂಡು ಮೆಲ್ಲನೆ ಇಳಿಯಿತು. “ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ,” ಎಂದಳು.

“ಇನ್ಮೇಲೆ ನಾನು ಮುಂದೆ ಕೂರಬಾರದಾ?”

“ಅದನ್ನ ನೀರಿಗೆ ಬಿದ್ದೋರನ್ನ ಕೇಳು.”

ಟೈಲರ್ ಅಜ್ಜ ಪಂಚೆ ಹಿಂಡಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದ. ಒಂದು ಕಾಲಿಗೆ ಮಾತ್ರ ಚಪ್ಪಲಿ. ಕ್ಯಾಪ್ಟನ್ ದೋಣಿಯಿಂದಿಳಿದು ಹೋಗಿ, ಮೊದಲು ಚಪ್ಪಲಿಗೆ, ಆಮೇಲೆ ಮಣ್ಣಿಗೆ, ಕೊನೆಗೆ ಅಜ್ಜನಿಗೆ ಎಲ್ಲ ಹೇಳಿದಳು.

ಅಜ್ಜ ಪೂರ್ತಿ ಕೇಳಿದ. “ನಾನು ಟೈಲರ್ ಆಗಿದ್ದಾಗ ಒಬ್ರ ಕೋಟಿಗೆ ಎರಡೂ ಎಡಗಡೆ ತೋಳೇ ಹೊಲಿದು ಕೊಟ್ಟಿದ್ದೆ,” ಎಂದ.

“ಅವರು ಹಾಕ್ಕೊಂಡ್ರಾ?”

“ಹಾಕ್ಕೊಂಡ್ರು. ಬಿಚ್ಚೋಕೆ ನಾನೇ ಅವರ ಮನೆಗೆ ಹೋಗ್ಬೇಕಾಯ್ತು.” ಅಜ್ಜ ಗಲ್ಲ ಕೆರೆದುಕೊಂಡ. “ನಂದೂ ತಪ್ಪಿದೆ ಬಿಡು. ಕೋಲು ಹಿಡ್ಕೊಂಡೇ ನಿದ್ದೆ ಹೋಗಿದ್ದೆ. ಎಚ್ಚರ ಇದ್ದಿದ್ರೆ ಕೋಲಿನ ತುದಿ ನೀರಿಗೆ ಮುಳುಗಿಸ್ತಿದ್ದೆ. ದಾರ ಕೆಳಗೆ ಹೋಗುತ್ತೆ, ದೋಣಿ ಮೇಲೆ ಹೋಗುತ್ತೆ.”

“ನಾನು ದೂರದಿಂದಲೇ ಕೂಗ್ಲಾ?”

“ಕೂಗು. ಜೋರಾಗಿ ಬೇಡ, ಮೀನು ಬೈತಾವೆ.”

ಅಷ್ಟು ಹೇಳಿ ಅಂಗಿಯ ಕಾಲರಿನ ಒಳಗಿಂದ ಸೂಜಿ ತೆಗೆದು, “ಎಲ್ಲಿ, ಆ ಚಾದರ ಕೊಡು,” ಎಂದ. ದಾರ ಪೋಣಿಸಿದ್ದು ಕ್ಯಾಪ್ಟನ್. ಅಜ್ಜನಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ದೋಣಿ ಬರುವುದಾದರೂ ಹೇಗೆ ಕಂಡೀತು ಎಂದು ಅವಳಿಗೆ ಆಗ ಹೊಳೆಯಿತು.

ಮರುದಿನ ಸ್ಕೂಲಿನಲ್ಲಿ ಮಾನಿಟರ್ ಕೇಳಿದಳು: “ದೋಣೀಲಿ ಕುಣಿತಿದ್ದಿದ್ದು ನೀನಾ? ಯಾರಿಗೋ ಇರುವೆ ಕಚ್ಚಿದೆ ಅನ್ಕೊಂಡೆ.”

ಕ್ಯಾಪ್ಟನ್ ಯೋಚಿಸಿ, “ಹೂಂ, ಕಚ್ಚಿತ್ತು,” ಎಂದಳು.

ಮುಂದಿನ ಭಾನುವಾರ ಹೊಳೆಯಲ್ಲಿ ದೋಣಿಗಳು ಇನ್ನೂ ಹೆಚ್ಚಿದ್ದವು. ಅವಳು ಮೊಣಕಾಲು ಮಡಿಸಿ ಕೂತು ನೀರನ್ನೇ ನೋಡುತ್ತಿದ್ದಳು. ಮೊದಲ ಕೋಲು, ಎರಡನೆಯದು, ಹೊಸ ಬೆಂಡು ಕಟ್ಟಿದ್ದ ಅಜ್ಜನ ಕೋಲು.

“ಗಿರಣಿ ಕಡೆ, ಅಮ್ಮ. ಇನ್ನು ಸ್ವಲ್ಪ. ಸಾಕು.” ಆಮೇಲೆ ದಡಕ್ಕೆ, “ಅಜ್ಜ, ದೋಣಿ ಬಂತು.”

ಅಜ್ಜ ಬೆಚ್ಚಿ ಎದ್ದು ಕೋಲಿನ ತುದಿಯನ್ನು ನೀರಿಗೆ ಇಳಿಸಿದ. ಅವನನ್ನು ನೋಡಿ ಪಕ್ಕದವರು ಇಳಿಸಿದರು. ಅವರನ್ನು ನೋಡಿ ಆಚೆಯವರು. ಅಮ್ಮ ಹುಟ್ಟೆರಡನ್ನೂ ಮೇಲೆತ್ತಿ ಹಿಡಿದಳು. ಹುಟ್ಟಿನಿಂದ ಹನಿಗಳು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದೆ ದೋಣಿ ಜಾರುತ್ತ ಹೋಯಿತು. ಹಿಂದೆ ಕೋಲುಗಳು ಒಂದೊಂದಾಗಿ ಮತ್ತೆ ಮೇಲೆದ್ದವು.

ಲಾಡ್ಜಿನ ಮೆಟ್ಟಿಲು ಕಂಡಾಗಲೇ ಅವಳಿಗೆ ನೆನಪಾದದ್ದು: ಸೇತುವೆ ಯಾವಾಗಲೋ ದಾಟಿತ್ತು. ಮೇಲೆ ಯಾರು ನಿಂತಿದ್ದರೆಂದು ಅವಳು ನೋಡಿರಲೇ ಇಲ್ಲ.