ನಾಲ್ಕು ಮಂದಿಯ ಧರಣಿ

ಮಾರ್ಚ್ ಇಪ್ಪತ್ತು, ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇಳಕಲ್ಲಿನ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಹೆಂಗಸರು ಬಂದರು. ಮುಂದಿದ್ದ ಮುಮ್ತಾಜಳನ್ನು ಠಾಣೆಯಲ್ಲಿ ಎಲ್ಲರೂ ಬಲ್ಲರು. ಕೊಂಡಿ ಹಾಕುವ ಹೆಂಗಸರ ಮುಷ್ಕರದ ಅರ್ಜಿಗಳ ಮೇಲೆಲ್ಲ ಮೊದಲ ಸಹಿ ಅವಳದೇ. ಹಿಂದಿದ್ದ ನೇತ್ರಾಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಾದ ಡಾಂಬರಿನ ಮೇಲೆ ಬರಿಗಾಲಲ್ಲೇ ಓಡಿ ಬಂದಿದ್ದಳು.

"ಸಂಗವ್ವ ಬಿದ್ದಾಳ್ರಿ, ಹಳೇ ಬಣ್ಣದ ಮನಿ ಗ್ವಾಡಿ ಕಡೆ," ಎಂದಳು ಮುಮ್ತಾಜ. "ಉಸರಿಲ್ಲ."

ಇನ್ಸ್‌ಪೆಕ್ಟರ್ ನಾಗಲಿಂಗ ಕುರ್ಚಿಯಿಂದ ಎದ್ದ. "ಮೊದಲ ನೋಡಿದವರು ಯಾರು?"

"ನಾನ್ರಿ," ಎಂದಳು ನೇತ್ರಾ. "ಮೂರೂಕಾಲಕ್ಕ."

"ಅಕಿ ಜೋಡಿ ಯಾರಿದ್ರು?"

"ಯಾರೂ ಇರಲಿಲ್ರಿ."

"ಯಾಕ?"

ಮುಮ್ತಾಜ ಅವನ ಮುಖವನ್ನೇ ನೋಡಿದಳು. "ಅದನ್ನ ನಿಮ್ಮ ಮಂದೀನ್ನ ಕೇಳ್ರಿ ಸಾಹೇಬ್ರ."

ಮುಮ್ತಾಜಳ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 103, ಆರೋಪಿ ಅಪರಿಚಿತ.

ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡರ ಹಾಸುಗಳನ್ನು, ಅಂದರೆ ಮಗ್ಗಕ್ಕೆ ಬಿಗಿದ ಉದ್ದನೆಯ ನೂಲನ್ನು, ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದಕ್ಕೇ ಕೊಂಡಿ ಎನ್ನುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಮನೆಯ ಹೆಂಗಸು ಕುತ್ತಿಗೆ ಬಗ್ಗಿಸಿ ಅರ್ಧ ದಿನ ಕೂತರೆ ಒಂದು ಕೊಂಡಿ. ಕೂಲಿ ಮಾತ್ರ ನೇಯುವವನ ಕೈಗೆ, ನೇಯ್ದ ಸೀರೆಗೆ. ಹೆಂಡತಿ ಕೈ ಹಚ್ಚಿದ್ದಕ್ಕೂ ಕೂಲಿ ಕೊಡಬೇಕೇ ಎಂದು ಸೀರೆ ವ್ಯಾಪಾರಿಗಳು ನಗುತ್ತಿದ್ದರು. ಕೊಂಡಿಗೆ ಬೇರೆ ಕೂಲಿ, ಅದೂ ಹೆಂಗಸರ ಹೆಸರಿನಲ್ಲೇ ಬೇಕು ಎಂದು ಸಂಗವ್ವ ಮಾರ್ಚ್ ಎರಡರಂದು ಪೇಟೆಯ ಚೌಕದಲ್ಲಿ ಚಾಪೆ ಹಾಸಿ ಕೂತಳು. ಮರುದಿನ ನೂರು ಜನ ಕೂತರು. ಗಂಡಸರೂ ಮಗ್ಗ ನಿಲ್ಲಿಸಿದರು. ಬೆಳಗಿನಿಂದ ಸಂಜೆಯವರೆಗೆ ಖಟ ಖಟ ಎನ್ನುತ್ತಿದ್ದ ಊರು ಬಾಯಿ ಮುಚ್ಚಿಕೊಂಡಿತು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವರಿಗೆ ಈಗ ನಿದ್ದೆ ಬರುತ್ತಿರಲಿಲ್ಲ.

ಹತ್ತನೇ ತಾರೀಖು ಮೇಲಿನಿಂದ ನಿಷೇಧಾಜ್ಞೆ ಬಂತು. ಐದು ಅಥವಾ ಹೆಚ್ಚು ಮಂದಿ ಒಂದೆಡೆ ಸೇರುವಂತಿಲ್ಲ. ಆಜ್ಞೆಗೆ ಆಧಾರ ನಾಗಲಿಂಗನ ವರದಿ. 'ಶಾಂತಿಭಂಗದ ಸಂಭವವಿದೆ' ಎಂದು ನಾಲ್ಕು ಸಾಲು ಬರೆದಿದ್ದ. ಮುಷ್ಕರದವರು ಒಂದು ಕಲ್ಲೂ ತೂರಿರಲಿಲ್ಲ, ಒಂದು ಅಂಗಡಿಯ ಬಾಗಿಲೂ ಮುಚ್ಚಿಸಿರಲಿಲ್ಲ. ಆದರೂ ಹಾಗೆ ಬರೆಯುವುದು ರೂಢಿ. ಚಹಾ ಕುಡಿಯುತ್ತ ಬರೆದಿದ್ದ, ಕಪ್ಪು ಬರಿದಾಗುವ ಮೊದಲೇ ಸಹಿ ಹಾಕಿದ್ದ.

ಹೆಂಗಸರು ಜಗಳಕ್ಕೆ ಬರಲಿಲ್ಲ. ಕಾಯ್ದೆಯನ್ನು ಅಕ್ಷರಶಃ ಹಿಡಿದರು. ನಾಲ್ಕು ನಾಲ್ಕು ಮಂದಿಯಾಗಿ ಊರೆಲ್ಲ ಹರಡಿ ಕೂತರು. ಬೇವಿನ ಗಿಡದ ಕೆಳಗೆ ನಾಲ್ವರು, ಬಸ್ ನಿಲ್ದಾಣದ ಕಟ್ಟೆಯ ಮೇಲೆ ನಾಲ್ವರು, ಹಿಂದೆ ನೂಲಿಗೆ ಬಣ್ಣ ಹಾಕುತ್ತಿದ್ದ, ಈಗ ಹಾಳುಬಿದ್ದ ಬಣ್ಣದ ಮನೆಯ ನೆರಳಿಗೆ ನಾಲ್ವರು. ಗಂಡಸರಿಗೆ ಬೇರೆ ಜಾಗ. ಎಣಿಸಿ ಎಣಿಸಿ ಪೊಲೀಸರಿಗೇ ಸಾಕಾಗಿ ಹೋಗಿತ್ತು.

ನಾಲ್ಕೂಕಾಲಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಬಣ್ಣದ ಮನೆ ಊರ ಅಂಚಿನಲ್ಲಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ ಮನೆ ಇರಲಿಲ್ಲ. ನೂಲು ಅದ್ದುತ್ತಿದ್ದ ಹಳೆಯ ಕಲ್ಲಿನ ಬಾನಿಯ ಪಕ್ಕ ಸಂಗವ್ವ ಬಿದ್ದಿದ್ದಳು. ತಲೆಯ ಹಿಂಭಾಗ ಬಾನಿಯ ಅಂಚಿಗೆ ಬಡಿದಿತ್ತು. ಆದರೆ ದೇಹ ಬಾನಿಯಿಂದ ಎರಡು ಮೊಳ ಈಚೆಗಿತ್ತು, ನಡುವೆ ಮಣ್ಣು ಕೆದರಿತ್ತು. ಬಿದ್ದ ಮೇಲೆ ತೆವಳಿದ್ದಳು. ಎಡ ರಟ್ಟೆಯ ಮೇಲೆ ಮೂರು ಬೂದುಬಣ್ಣದ ಗೆರೆಗಳಿದ್ದವು.

"ಇಭೂತಿ," ಎಂದ ಕಾನ್‌ಸ್ಟೇಬಲ್ ರಾಜಕುಮಾರ. ನಾಗಲಿಂಗನಿಗೂ ಹಾಗೇ ಕಂಡಿತು. ಪಂಚನಾಮೆಯಲ್ಲಿ 'ಎಡ ರಟ್ಟೆಯ ಮೇಲೆ ವಿಭೂತಿ' ಎಂದೇ ಬರೆಸಿದ. ಬಾಗಲಕೋಟೆಯಿಂದ ಬಂದ ಶ್ವಾನ ಗಾಂಭೀರ್ಯದಿಂದ ಚಹಾದಂಗಡಿಯವರೆಗೆ ಹೋಗಿ, ಅಲ್ಲಿ ಮಲಗಿಬಿಟ್ಟಿತು.

ದವಾಖಾನೆಯಲ್ಲಿ ಶವಪರೀಕ್ಷೆ ಮುಗಿದಾಗ ದೀಪ ಹಚ್ಚುವ ಹೊತ್ತು. ವೈದ್ಯರು ಕೈ ತೊಳೆಯುತ್ತ ಹೇಳಿದರು: "ಪೆಟ್ಟು ಬಿದ್ದ ಮೇಲೆ ನಲವತ್ತು ನಿಮಿಷವಾದರೂ ಜೀವ ಇತ್ತು. ಆಗಲೇ ಕರೆತಂದಿದ್ದರೆ ಉಳಿಯುತ್ತಿದ್ದರೇನೋ."

ನಲವತ್ತು ನಿಮಿಷ. ಜೀಪಿನಲ್ಲಿ ಕೂತ ನಾಗಲಿಂಗ ಗಡಿಯಾರ ನೋಡಿದ. ಮತ್ತೆ ನೋಡಿದ. ಅಷ್ಟು ಹೊತ್ತು ಅವಳು ಯಾರನ್ನಾದರೂ ಕರೆದಿರಬೇಕು, ಯಾರ ಹೆಸರು ಹಿಡಿದು ಕರೆದಳೋ ಎಂಬ ಯೋಚನೆ ಅವನನ್ನು ಬಿಡಲೊಲ್ಲದಾಯಿತು.

ಸ್ಟೀರಿಂಗ್ ಹಿಡಿದಿದ್ದ ರಾಜಕುಮಾರ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ.

"ಸರ್, ಒಂದ ಮಾತು. ಮಧ್ಯಾಹ್ನ ಒಂದೂ ಹತ್ತಕ್ಕ ನಾ ಬಣ್ಣದ ಮನಿ ಕಡೆ ಹೋಗಿದ್ನಿ. ನಾಲ್ಕ ಮಂದಿ ಕುಂತಿದ್ರು, ಮುಮ್ತಾಜ ಏನೋ ಹೇಳಾಕ ಬಂದು ನಿಂತಿದ್ಲು. ಐದಾದ್ರಿ, ವ್ಯಾನ್ ಕರಸ್ತೇನಿ ಅಂತ ಒದರಿದ್ನಿ. ಎಲ್ಲಾರೂ ಎದ್ದ ಹೋದ್ರು."

"ಸಂಗವ್ವ?"

"ಏಳಲಿಲ್ಲ ಸರ್. ಒಬ್ಬಾಕಿ ಕುಂತ್ರೂ ಕಾಯ್ದೆ ಐತೇನಪಾ ಅಂದ್ಲು. ಇಲ್ಲವ್ವಾ ಅಂದು ಬಂದಬಿಟ್ನಿ."

ರಾಜಕುಮಾರ ಅಳುತ್ತಿದ್ದ. ಒದರಿದವನು ಇವನಾದರೂ ಒದರಲು ಹಚ್ಚಿದ ವರದಿ ತನ್ನದೇ ಎಂದು ನಾಗಲಿಂಗನಿಗೆ ಗೊತ್ತಿತ್ತು.

ರಾತ್ರಿ ಊಟದ ಹೊತ್ತಿಗೆ ಮೇಲಧಿಕಾರಿಯ ಫೋನ್ ಬಂತು. "ಕೊನೆಗೆ ಅಲ್ಲಿದ್ದವಳು ಆ ಮುಮ್ತಾಜ ಅಲ್ಲವೇ? ಒಳಜಗಳ ಅಂತ ತೋರಿಸಿ ಬಂಧಿಸಿ. ಮುಷ್ಕರವೂ ತಾನಾಗಿ ಮುಗಿಯುತ್ತದೆ."

"ಸಾಕ್ಷ್ಯ ಇಲ್ಲ ಸರ್."

"ಹುಡುಕಿ. ನಾಳೆ ಸಂಜೆಯವರೆಗೆ ಸಮಯ."

ಮುಮ್ತಾಜಳಿಗೂ ಆ ಸುದ್ದಿ ಮುಟ್ಟಿತ್ತು. ಬೆಳಿಗ್ಗೆ ಅವಳು ಬಟ್ಟೆಯ ಚೀಲ ಹಿಡಿದುಕೊಂಡೇ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಳು. ಯಾರೂ ಕರೆದಿರಲಿಲ್ಲ. ನಾಗಲಿಂಗ ಅವಳ ಕಡೆ ನೋಡದೆ ಒಳಗೆ ಹೋದ.

ಮೊದಲು ವ್ಯಾಪಾರಿಗಳ ಕಡೆಯ ವಿಚಾರಣೆ ಮುಗಿಸಿದ. ಸಂಗವ್ವನ ಮೇಲೆ ಹೆಚ್ಚು ಹಲ್ಲು ಕಡಿಯುತ್ತಿದ್ದ ವ್ಯಾಪಾರಿ ತನ್ನ ಆಳುಗಳ ಸಮೇತ ಗುರುವಾರ ಇಡೀ ದಿನ ಬಾದಾಮಿಯ ಮದುವೆಯಲ್ಲಿದ್ದ. ಕ್ಯಾಮೆರಾದಲ್ಲಿ ಅವನು ಮೂರು ಸಲ ಹೋಳಿಗೆ ಬಡಿಸಿಕೊಂಡದ್ದು ಕೂಡ ಕಾಣುತ್ತಿತ್ತು.

ಹನ್ನೊಂದು ಗಂಟೆಗೆ ನೇತ್ರಾಳ ಹೇಳಿಕೆ. ನಾಗಲಿಂಗ ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ರಟ್ಟೆಯ ಫೋಟೋ ಬಂದಾಗ ಅವಳು ತಡೆದಳು.

"ಇದೇನ್ರಿ?"

"ವಿಭೂತಿ."

"ಅಲ್ರಿ. ಇಭೂತಿ ಅಡ್ಡ ಹಚ್ಚತಾರ, ಇವು ಉದ್ದಕ ಅದಾವು. ಹಿಡದ ಬೆರಳು ಜಾರಿ ಮೂಡ್ಯಾವು ನೋಡ್ರಿ. ಇದು ಮಗ್ಗದ ಬೂದಿ."

"ಮಗ್ಗದಾಗ ಎಲ್ಲಿ ಬೂದಿ?"

ಕಲಾದಗಿಯ ಹೊಲಗಳಲ್ಲಿ ಬೆಳೆದ ಸಾಹೇಬನಿಗೆ ಮಗ್ಗದ ಗಂಧಗಾಳಿ ಇರಲಿಲ್ಲ. ನೇತ್ರಾ ಬಿಡಿಸಿ ಹೇಳಿದಳು. ಎಳೆ ಹರಿದರೆ ಬೆರಳು ಬೂದಿಯಲ್ಲಿ ಅದ್ದಿ ಹೊಸೆಯಬೇಕು, ಇಲ್ಲದಿದ್ದರೆ ರೇಷ್ಮೆ ಜಾರುತ್ತದೆ. ಪ್ರತಿ ಮಗ್ಗದ ಬಲಕ್ಕೆ ಒಂದು ಬೂದಿಯ ಕರಟ ಇರುತ್ತದೆ.

"ಯಾರೋ ಅಕಿ ರಟ್ಟಿ ಹಿಡದಾರ್ರಿ. ಆದ್ರ ಹತ್ತೊಂಬತ್ತ ದಿನದಿಂದ ಯಾರ ಕೈಗೂ ಬೂದಿ ಹತ್ತಿಲ್ಲ. ಹತ್ತಬಾರದು." ಹೇಳಿದ ಮೇಲೆ ಅವಳಿಗೇ ಅದರ ಅರ್ಥ ಹೊಳೆದು ಫೋಟೋವನ್ನು ಮೇಜಿನ ಮೇಲೆ ಬೋರಲಿಟ್ಟಳು.

"ಯಾರ ಮಗ್ಗ ನಡದೈತಿ?"

"ಗೊತ್ತಿಲ್ರಿ."

"ನೇತ್ರಾ, ಹೊರಗ ಮುಮ್ತಾಜ ಚೀಲಾ ಹಿಡಕೊಂಡ ಕುಂತಾಳ. ಸಂಜಿ ತನಕಾ ಹೊತ್ತೈತಿ."

ನೇತ್ರಾ ಸೆರಗಿನ ತುದಿ ಹಿಂಡಿದಳು. "ನಗಬ್ಯಾಡ್ರಿ. ನಡುಮಧ್ಯಾಹ್ನ ಬನಶಂಕರಿ ಮಗ್ಗ ನುಡೀತೈತಿ. ಸತ್ತ ಎರಡ ತಿಂಗಳಾತು ಅಕಿ. ನಾಲ್ಕ ಏಟು ಕೇಳತಾವು, ಮತ್ತ ಸುಮ್ಮ. ಓಣ್ಯಾಗಿನ ಮಂದಿ ಆ ಹೊತ್ತಿಗೆ ಅತ್ತಾಗ ಹಾಯಂಗಿಲ್ಲ. ಸಂಗವ್ವಗ ಹೇಳಿದ್ರ, ದೆವ್ವ ಇದ್ರ ನಾ ಮಾತಾಡಿಸಿ ಬರ್ತೇನಿ ಅಂದಿದ್ಲು."

ಬನಶಂಕರಿ ಅಂದಾನಪ್ಪನ ಹೆಂಡತಿ. ಹಗಲು ಹೊತ್ತು ಅವನು ಗಂಡಸರ ಧರಣಿಯಲ್ಲೇ ಇರುತ್ತಾನೆಂದು ಎಲ್ಲರೂ ತಿಳಿದಿದ್ದರು. ಮುಷ್ಕರಕ್ಕೆ ಮಗ್ಗ ನಿಲ್ಲಿಸಿದ ಮೊದಲ ಗಂಡಸು ಅಂದಾನಪ್ಪ. 'ನನ್ನ ಹೇಣ್ತಿ ಮೂವತ್ತೈದ ವರ್ಷ ಕೊಂಡಿ ಹಾಕಿದ್ಲು, ಅಕಿ ಹೆಸರಿಲೆ ಒಂದ ರೂಪಾಯಿ ಬರಲಿಲ್ಲ' ಎಂದು ಚೌಕದಲ್ಲಿ ಅವನು ಹೇಳಿದಾಗ ನೂರು ಹೆಂಗಸರು ಕಣ್ಣೊರೆಸಿಕೊಂಡಿದ್ದನ್ನು ನಾಗಲಿಂಗನೇ ನಿಂತು ನೋಡಿದ್ದ. ಅದಾದ ಮೇಲೆ ಆ ವರದಿ ಬರೆದಿದ್ದ.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಇನ್ಸ್‌ಪೆಕ್ಟರ್, ರಾಜಕುಮಾರ ಮತ್ತು ಇಬ್ಬರು ಪಂಚರು ಆ ಓಣಿಯ ಬಾಯಿಗೆ ನಿಂತರು. ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ನಾಯಿಯೂ ಇರಲಿಲ್ಲ. ನಿನ್ನೆ ಕೊಂದವನು ಇವತ್ತು ಮಗ್ಗ ಮುಟ್ಟುತ್ತಾನೆಯೇ, ಬಂದದ್ದೇ ದಂಡ ಎಂದು ನಾಗಲಿಂಗ ಅಂದುಕೊಳ್ಳುವಷ್ಟರಲ್ಲಿ ಸದ್ದು ಕೇಳಿತು.

ಖಟ್. ತಡೆದು, ಮತ್ತೊಂದು ಖಟ್.

ರಾಜಕುಮಾರನ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. ನಾಗಲಿಂಗನಿಗೆ ಭಯ ಬನಶಂಕರಿಯದಲ್ಲ. ಆ ಬಾಗಿಲು ತೆರೆದರೆ ಒಳಗೆ ಸಂಗವ್ವ ಕೂತಿರುತ್ತಾಳೆ, ಇಷ್ಟು ಹೊತ್ತು ಕರೆದೆನಲ್ಲ ಎನ್ನುತ್ತಾಳೆ ಎಂದು ಖಂಡಿತವಾಗಿ ಅನಿಸಿತು. ನಾಲ್ಕನೇ ಏಟು ಬಿದ್ದ ಮೇಲೆ ಅವನು ಬಾಗಿಲು ಬಡಿದ.

ತೆರೆದವನು ಅಂದಾನಪ್ಪ. ವಯಸ್ಸು ಅರವತ್ತೊಂದು. ಬಲಗೈಯ ಮೂರು ಬೆರಳ ತುದಿಯಲ್ಲಿ ಬೂದಿ ಇತ್ತು.

"ನಿನ್ನೆ ಬಣ್ಣದ ಮನಿ ಕಡೆ ಹೋಗಿದ್ರೇನು?"

"ಹೋಗಿದ್ನಿರಿ."

"ಎಷ್ಟಕ್ಕ?"

"ಒಂದೂವರಿ. ಬರ್ರಿ ಒಳಗ. ಬರ್ತೀರಂತ ಗೊತ್ತಿತ್ತು."

ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗದ ಮೇಲೆ ಕಪ್ಪು ಮೈ, ಕೆಂಪು ಸೆರಗಿನ ಹಾಸು ಇತ್ತು. ಹೊಸದಾಗಿ ನೇಯ್ದ ಭಾಗವನ್ನು ರಾಜಕುಮಾರ ಅಳೆದ. ನಾಲ್ಕು ಬೆರಳಗಲ. ಮಾರಲು ನೇಯುವವನು ಮುಷ್ಕರದ ಇಷ್ಟು ದಿನಗಳಲ್ಲಿ ಮೂರು ಸೀರೆ ಇಳಿಸಿರುತ್ತಿದ್ದ.

"ಇದು ಯಾರ ಸಲುವಾಗಿ?" ನಾಗಲಿಂಗ ಕೇಳಿದ.

"ಯಾರ ಸಲುವಾಗೂ ಅಲ್ರಿ. ಸಂಕ್ರಾಂತಿ ಮರುದಿನ ಅಕಿ ಈ ಕೊಂಡಿ ಹಾಕಿದ್ಲು. ಅದರ ಮೂರನೇ ದಿನ ಹೋದ್ಲು. ಇದ ಕಡೇದು." ಅಂದಾನಪ್ಪ ಮುಟ್ಟದೆ ಬೆರಳು ತೋರಿಸಿದ. ಮೈಗೂ ಸೆರಗಿಗೂ ನಡುವೆ ಸಣ್ಣ ಸಣ್ಣ ಕುಣಿಕೆಗಳ ಸಾಲು. "ನೇಯುತಾ ಹ್ವಾದ್ರ ಸೀರ್ಯಾಗ ಕೂಡಿ ಹೋಗತೈತಿ, ಮತ್ತ ಕಾಣಂಗಿಲ್ಲ. ಅದಕ ನೇಯಾಕ ಮನಸಿಲ್ಲ. ಮಗ್ಗ ಸುಮ್ಮಿದ್ರ ಮನ್ಯಾಗ ಇರಾಕ ಆಗಂಗಿಲ್ಲ. ದಿನಾ ನಾಲ್ಕ ಏಟು ಹಾಕ್ತೇನಿ. ಸಪ್ಪಳಾದ್ರ ಅಕಿ ಒಳಗ ಅದಾಳಂತ ಅನಸ್ತೈತಿ."

"ಸಂಗವ್ವಗ ಗೊತ್ತಾಗಿತ್ತು."

"ಬುಧವಾರ ಕಿಡಕ್ಯಾಗ ನೋಡಿದ್ಲು. ದ್ರೋಹಿ ಅಂದ್ಲು. ನಾಳೆ ಸಂಜಿಕ ಮಂದಿ ಕುಂತ ಎಲ್ಲಾ ಕಟ್ಟೀಗೂ ಹೋಗಿ ನಿನ್ನ ಹೆಸರ ಹೇಳ್ತೇನಿ ಅಂದ್ಲು. ನಿನ್ನೆ ತಿಳಿಸಿ ಹೇಳಾಕ ಹ್ವಾದ್ನಿ. ನಂಬಲಿಲ್ಲ. ಎದ್ದ ನಡದ್ಲು, ರಟ್ಟಿ ಹಿಡದ್ನಿ, ಕೊಸರಿಕೊಂಡ್ಲು, ಬಾನಿ ಮ್ಯಾಲ ಬಿದ್ಲು."

"ಉಸಿರಾಡತಿದ್ಲು?"

"ಆಡತಿದ್ಲು."

"ಯಾರನ್ನರ ಕರೀಬೇಕಿತ್ತು."

"ಸುತ್ತ ನೋಡಿದ್ನಿ, ಯಾರೂ ಇರಲಿಲ್ಲ. ಅಂಜಿ ಓಡಿ ಬಂದ್ನಿ. ಅದು ನಂದ ತಪ್ಪು, ನಂದ." ಮತ್ತೆ ಅವನು ಸಹಜವಾಗಿ, ಯಾರನ್ನೂ ಬೈಯುವ ಧಾಟಿಯಲ್ಲದೆ ಹೇಳಿದ: "ಚೌಕದಾಗ ಕುಂತಾಗ ಒಂದ ರಿವಾಜಿತ್ರಿ. ಯಾರ ಮ್ಯಾಲ ಏನ ದೂರಿದ್ರೂ ನಡುವ ನಿಂತು ಹೇಳಬೇಕು, ಎಲ್ಲಾರೂ ಕೇಳಬೇಕು. ಹಂಗ ಕೂಡಿದ್ರ ನಾ ನಿಂತು ಹೇಳತಿದ್ನಿ. ಎಲ್ಲಾ ಕೊಂಡಿ ಹಾಕು ಹೆಣಮಕ್ಕಳು. ನೂರ ಮಂದ್ಯಾಗ ಒಬ್ಬಾಕಿಯರ ತಿಳಕೋತಿದ್ಲು. ಅಲ್ಲಿ ಸಂಗವ್ವ ಒಬ್ಬಾಕೀನ ಇದ್ಲು."

ಎರಡು ಗಂಟೆ ಐವತ್ತು ನಿಮಿಷಕ್ಕೆ ಬಂಧನ. ಕಲಂ 103ರ ಬದಲು 105, ಕೊಲೆಯಲ್ಲದ ಮಾನವ ಹತ್ಯೆ. ಬೂದಿಯ ಕರಟವನ್ನು ಜಪ್ತಿ ಮಾಡಿದರು. ಹಾಸು ಕೊಯ್ದು ಒಯ್ಯಬೇಕೇ ಎಂದು ಪಂಚನೊಬ್ಬ ಕೇಳಿದ. ಬೇಡ, ಫೋಟೋ ತೆಗೆದು ಮನೆಗೆ ಮೊಹರು ಹಾಕಿ ಎಂದ ನಾಗಲಿಂಗ.

ಠಾಣೆಗೆ ಬಂದು ಮುಮ್ತಾಜಳಿಗೆ ಮನೆಗೆ ಹೋಗಲು ಹೇಳಿದ. ಯಾರು, ಯಾಕೆ ಎಂದು ತಿಳಿದ ಮೇಲೆ ಅವಳು ಎದ್ದು ನಿಂತು, ಮತ್ತೆ ಕೂತಳು. "ನಮ್ಮ ಮುಂದ ಹೇಳಿದ್ರ ಏನಾಗತಿತ್ತು ಅಂವಗ," ಎಂದು ಅತ್ತಳು. ಮೇಲಧಿಕಾರಿಗೆ ಫೋನಿನಲ್ಲಿ ಸಮಾಧಾನವೇ ಆಯಿತು. ಮುಷ್ಕರದವನೇ ಕೊಂದ, ಇನ್ನೇನು ಬೇಕು, ನಾಳೆ ಪತ್ರಿಕೆಗೆ ಕೊಡಿ ಎಂದರು.

ಸಂಜೆ ಆರು ಗಂಟೆ. ನಾಗಲಿಂಗ ಕೇಸ್ ಡೈರಿ ಹೇಳುತ್ತ ಹೋದ, ರಾಜಕುಮಾರ ಬರೆದುಕೊಳ್ಳುತ್ತಿದ್ದ. ಪ್ರತ್ಯಕ್ಷ ಸಾಕ್ಷಿಗಳಿಲ್ಲ ಎಂಬಲ್ಲಿಗೆ ಬಂದಾಗ ನಾಗಲಿಂಗ ನಿಲ್ಲಿಸಿದ.

"ಕಾರಣ ಬರಿ. ಶಾಂತಿಭಂಗದ ಯಾವ ಆಧಾರವೂ ಇಲ್ಲದೆ ಈ ಠಾಣೆಯ ಇನ್ಸ್‌ಪೆಕ್ಟರ್ ಕೊಟ್ಟ ವರದಿಯ ಮೇಲೆ ನಿಷೇಧಾಜ್ಞೆ ಜಾರಿಯಲ್ಲಿತ್ತು. ಅದರಂತೆ ಮೃತಳ ಜೊತೆ ಇದ್ದವರನ್ನು ಪೊಲೀಸರು ಎಬ್ಬಿಸಿ ಕಳಿಸಿದ್ದರು."

ರಾಜಕುಮಾರನ ಪೆನ್ನು ನಿಂತಿತು. "ಸರ್, ಇದು ಬ್ಯಾಡ್ರಿ. ಕೋರ್ಟಿಗೆ ಹೋದ್ರ ನಿಮ್ಮ ನೌಕರಿಗೆ ಬರ್ತೈತಿ."

"ಗೊತ್ತೈತಿ. ಎಬ್ಬಿಸಿದವರು ಯಾರಂತ ನಾ ಹೆಸರ ಹೇಳಂಗಿಲ್ಲ. ಪೊಲೀಸರು ಅಂತಷ್ಟ ಬರಿ."

ರಾಜಕುಮಾರ ಬರೆಯತೊಡಗಿದ. ಬರೆದು ಮುಗಿಸಿ ಹಾಳೆಯನ್ನು ಸಹಿಗೆ ತಳ್ಳಿದ. 'ಪೊಲೀಸರು' ಎಂಬ ಪದ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಅವನು ತನ್ನ ಹೆಸರು, ತಂದೆಯ ಹೆಸರು, ಬಿಲ್ಲೆಯ ಸಂಖ್ಯೆ ಮತ್ತು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ ಎಂಬ ಸಮಯವನ್ನು ಬರೆದಿದ್ದ. ನಾಗಲಿಂಗ ಓದಿ, ಕೆಳಗೆ ಸಹಿ ಹಾಕಿದ.