ದಾಟಿಸಿದ ಅಳು

“ಕತ್ತಲಾಗೋಕೆ ಮುಂಚೆ ಮಗೂ ಬಟ್ಟೆ ಒಳಗೆ ತಗೊಂಬಿಡಪ್ಪಾ,” ಎಂದಳು ಪಕ್ಕದ ಮನೆಯ ಮುದುಕಿ ಹಿಲ್ಯಾ, ಬೇಲಿಯಾಚೆ ನಿಂತು. “ಅದರಲ್ಲೂ ವರ್ಷ ತುಂಬ್ತಿರೋ ಮಗು.”

ತಂತಿಯ ಮೇಲೆ ಮಗಳ ಅಂಗಿ ಹರವುತ್ತಿದ್ದ ಇಲ್ಪೊ ನಕ್ಕ. “ಯಾಕಜ್ಜೀ, ಕರಡಿ ಬಂದು ಹಾಕ್ಕೊಂಡು ಹೋಗತ್ತಾ?”

“ಮಕ್ಕಳನ್ನ ಅಳಿಸೋದೊಂದು ಬರತ್ತೆ. ಮಗೂ ನಿದ್ದೆ ತಿನ್ನತ್ತೆ.” ಅವಳು ಬೇಲಿಯಿಂದ ಹಿಂದೆ ಸರಿದಳು. “ನಗು, ಪರವಾಗಿಲ್ಲ. ನಾನು ಹೇಳೋದು ಹೇಳಿದೀನಿ. ಇಲ್ಲಿ ಯಾರನ್ನೂ ನಂಬಬೇಡ. ನನ್ನನ್ನೂ.”

ಹೆಲ್ಸಿಂಕಿಯಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದವನು ಇಲ್ಪೊ. ಹೆಂಡತಿ ಸೈಲಾಳಿಗೆ ಉತ್ತರದ ತುದಿಯ ಈ ಪಟ್ಟಣದಲ್ಲಿ ಔಷಧಿ ಅಂಗಡಿಯ ಕೆಲಸ ಸಿಕ್ಕಿದ್ದರಿಂದ, ಮಗಳು ವೆನ್ಲಾಳನ್ನು ನೋಡಿಕೊಳ್ಳಲು ತಾನು ರಜೆ ಹಾಕಿ ಕಾಡಂಚಿನ ಈ ಬಾಡಿಗೆ ಮನೆಗೆ ಬಂದಿದ್ದ. ನವೆಂಬರಿನ ದಿನಗಳು. ಮಧ್ಯಾಹ್ನದ ಊಟ ಅರಗುವ ಮೊದಲೇ ಸ್ಪ್ರೂಸ್ ಮರಗಳ ಬುಡದಿಂದ ಕತ್ತಲು ಎದ್ದು ಬರುತ್ತಿತ್ತು. ಆ ಕತ್ತಲಲ್ಲಿ ಕೇಳುತ್ತಿದ್ದುದು ಒಂದೇ ಸದ್ದು: ಹಿಲ್ಯಾಳ ಮನೆಯೊಳಗೆ ಅವಳ ಮೊಮ್ಮಗ ಓನ್ನಿ ಎಡೆಬಿಡದೆ ಅಳುವುದು. ಅವನಿಗೂ ಆಗಷ್ಟೇ ವರ್ಷ ತುಂಬಿತ್ತು.

ವೆನ್ಲಾಳ ಹುಟ್ಟುಹಬ್ಬದ ಹಿಂದಿನ ದಿನ ಇಲ್ಪೊ ಬೇಕೆಂದೇ ಅವಳ ಹಳದಿ ಅಂಗಿಯನ್ನು ತಂತಿಯ ಮೇಲೆ ಬಿಟ್ಟ. ಬೆಳಿಗ್ಗೆ ಅದು ಹಲಗೆಯಂತೆ ಸೆಟೆದು, ಎರಡೂ ತೋಳು ಚಾಚಿ ನಿಂತಿತ್ತು. ಒಲೆಯ ಮುಂದೆ ಹಿಡಿದು ಕರಗಿಸಿದಾಗ ತಣ್ಣನೆಯ ಮಸಿಯ ವಾಸನೆ, ಕೊಳೆತ ಬರ್ಚ್ ಎಲೆಯ ವಾಸನೆ ಹೊಮ್ಮಿತು. ಸೈಲಾ ಮೂಗು ಮುರಿದಳು. ಅವನು ಅದನ್ನೇ ಮಗಳಿಗೆ ತೊಡಿಸಿದ.

ಅಂದು ಓನ್ನಿಯ ಅಳು ನಿಂತಿತು. ವೆನ್ಲಾಳ ನಿದ್ದೆಯೂ.

ಅಲ್ಲಿಯವರೆಗೆ ಕಲ್ಲಿನಂತೆ ಮಲಗುತ್ತಿದ್ದ ಮಗು. ಈಗ ರೆಪ್ಪೆ ಮುಚ್ಚಿದ ಕೂಡಲೇ ಚಿಟ್ಟನೆ ಚೀರಿ ಏಳುತ್ತಿದ್ದಳು. ತೊಟ್ಟಿಲಿನ ಸರಳು ಹಿಡಿದು ನಿಂತು, ಬಾಗಿಲ ಮೂಲೆಯನ್ನೇ ನೋಡುತ್ತ, ಗಂಟಲು ಹರಿಯುವಂತೆ ಅಳುತ್ತಿದ್ದಳು. ಎತ್ತಿಕೊಂಡರೂ ಇಲ್ಲ, ಹಾಲು ಕೊಟ್ಟರೂ ಇಲ್ಲ.

“ವರ್ಷದ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಹೀಗಾಗತ್ತೆ,” ಎಂದಳು ಆರೋಗ್ಯ ಕೇಂದ್ರದ ನರ್ಸ್. “ನಡೆಯೋಕೆ ಕಲೀತಾ ಇರ್ತಾವೆ, ಅಪ್ಪ ಅಮ್ಮ ಬಿಟ್ಟು ಹೋಗ್ತಾರೇನೋ ಅಂತ ಭಯ. ಕೆಲವು ವಾರದಲ್ಲಿ ಸರಿಹೋಗತ್ತೆ.”

“ನಾನೂ ಅದೇ ಹೇಳ್ತಿದೀನಿ,” ಎಂದ ಇಲ್ಪೊ.

ಒಂದು ಸಂಜೆ ಕೊನೆಯ ಉಪಾಯವೆಂದು ಮಗಳನ್ನು ಬೆಚ್ಚಗೆ ಸುತ್ತಿ, ಊರಿನ ರೂಢಿಯಂತೆ ಮಕ್ಕಳ ತಳ್ಳುಗಾಡಿಯಲ್ಲಿ ಜಗಲಿಯ ಚಳಿಗೆ ಮಲಗಿಸಿದ. ಒಳಗೆ ಬಂದು ಕುರ್ಚಿಗೆ ಒರಗಿದ್ದನಷ್ಟೇ. ಕಿರ್ರ್. ಗಾಡಿಯ ಸ್ಪ್ರಿಂಗಿನ ಸದ್ದು. ಕಿರ್ರ್, ಕಿರ್ರ್. ಯಾರೋ ಸಾವಧಾನವಾಗಿ ತೂಗುತ್ತಿದ್ದಂತೆ. ಬಾಗಿಲು ತೆರೆದ. ಗಾಳಿಯಿಲ್ಲ. ಹೊಸ ಹಿಮದ ಮೇಲೆ ಹೆಜ್ಜೆಯಿಲ್ಲ. ಗಾಡಿ ತೂಗುತ್ತಿತ್ತು. ಒಳಗೆ ವೆನ್ಲಾ ಕಣ್ಣು ತೆರೆದೇ ಮಲಗಿದ್ದಳು. ಅವಳ ನೋಟ ಅವನ ಮೇಲಿರಲಿಲ್ಲ. ಅವನ ಹೆಗಲಾಚೆ ಇತ್ತು. ಹಿಂದಿನಿಂದ ಮಸಿಯ ವಾಸನೆ ಬಂತು. ಕತ್ತಿಗೆ ಯಾರದೋ ಉಸಿರು ತಾಗಿತು. ಅವನು ತಿರುಗಲಿಲ್ಲ. ಮಗುವನ್ನು ಬಾಚಿಕೊಂಡು ಒಳಗೋಡಿ ಚಿಲಕ ಹಾಕಿದ. ವೆನ್ಲಾ ಅವನ ಎದೆಗೆ ಮೌನವಾಗಿ ಅಂಟಿಕೊಂಡಿದ್ದಳು. ಹೊರಗೆ, ಖಾಲಿ ಗಾಡಿಯಲ್ಲಿ, ಮಗುವೊಂದು ಅಳುತ್ತಿತ್ತು.

ಹಿಲ್ಯಾಳ ಮಾತು ನೆನಪಾಗಿ ತಡಕಿದಾಗ ಹಳದಿ ಅಂಗಿಯ ಕತ್ತುಪಟ್ಟಿಯಲ್ಲಿ ಅವನಿಗೆ ಸಿಕ್ಕಿದ್ದು ಕೆಂಪು ಉಣ್ಣೆದಾರದ ಗಂಟು. ಬಿಚ್ಚಿದರೆ ಒಳಗೆ ಮಸಿ, ಜೊತೆಗೆ ವೆನ್ಲಾಳದಲ್ಲದ ಬಿಳಿಚು ಕೂದಲು.

ಅದನ್ನು ಹಿಲ್ಯಾಳ ಅಡುಗೆಮನೆಯ ಮೇಜಿನ ಮೇಲೆ ಎಸೆದ. ಮುದುಕಿ ನಿರಾಕರಿಸಲಿಲ್ಲ.

“ನಾನೇ. ಓನ್ನಿ ಸತ್ತೇ ಹೋಗ್ತಾನೆ ಅನ್ನಿಸ್ತು. ನನ್ನ ಕೈ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅದಕ್ಕೇ ಹೇಳಿದ್ದೆ ನಿನಗೆ, ಬಟ್ಟೆ ಒಳಗಿಡು ಅಂತ.”

“ವಾಪಸ್ ತಗೋ.”

“ಬಂದ ಕಡೆಗೆ ಅದು ತಿರುಗಲ್ಲ. ಮುಂದಕ್ಕೇ ಹೋಗಬೇಕು. ವರ್ಷದ ಆಸುಪಾಸಿನ ಇನ್ನೊಂದು ಮಗು ಬೇಕು.”

ಇಲ್ಪೊ ಬೈದು ಹೊರಟ. ಹೊಸ್ತಿಲಲ್ಲಿ ನಿಂತ. ಬೇಲಿಯಾಚೆ ಮಗಳ ಚೀರಾಟ ಕೇಳುತ್ತಿತ್ತು.

“ಹೇಗೆ ಮಾಡೋದು?” ಎಂದ, ತಿರುಗಿ ನೋಡದೆ.

ಹಬೆಸ್ನಾನದ ಸೌನಾ ಕೋಣೆಯ ಒಲೆಯ ಮಸಿ, ಮಗಳ ಕೂದಲು, ಕೆಂಪು ದಾರ. ಗಂಟು ಹಾಕುವಾಗ ಮೂರು ಮಾತು ಅನ್ನಬೇಕು. ಹಿಲ್ಯಾ ಅದನ್ನು ಅವನ ಕಿವಿಯಲ್ಲಿ ಉಸುರಿದಳು. “ಇನ್ನೊಂದು ವಿಷಯ ಇದೆ ಕಣಪ್ಪಾ, ಕೂತು ಕೇಳು,” ಎಂದು ಅವನ ತೋಳು ಹಿಡಿದಳು. ಅವನು ಆಗಲೇ ಕೊಸರಿಕೊಂಡು ಹೊರಬಿದ್ದಿದ್ದ.

ಮರುದಿನ ಪಟ್ಟಣದ ಕಾಫಿ ಅಂಗಡಿಯ ಎದುರು ಕಾರು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ವೆನ್ಲಾ ದನಿ ಒಡೆದು ಅಳುತ್ತಿದ್ದಳು. ಅಂಗಡಿಯ ಗೋಡೆಗೆ ಒತ್ತಿ ಒಂದು ನೀಲಿ ತಳ್ಳುಗಾಡಿ ನಿಂತಿತ್ತು. ಒಳಗೆ, ಮಬ್ಬುಗಾಜಿನಾಚೆ, ಹರೆಯದ ತಾಯಿ ಕೆನೆ ತುಂಬಿದ ಬನ್ನು ತಿನ್ನುತ್ತ ನಗುತ್ತಿದ್ದಳು. ಗಾಡಿಯ ಅಂಚಿಗೆ ಕಟ್ಟಿದ್ದ ಬಲೂನಿನ ಮೇಲೆ ‘1’ ಎಂದಿತ್ತು.

ಅವನು ಹತ್ತಿರ ಹೋದ. ಕೆಂಪು ಕೆನ್ನೆಯ ಗಂಡುಮಗು. ಗಾಢ ನಿದ್ದೆ. ಬಾಯಂಚಿನಲ್ಲಿ ಹಾಲಿನ ಗುಳ್ಳೆ. ಬೇಡ ಅನ್ನಿಸಿತು. ಹಿಂದೆ ಸರಿದ. ಕಾರಿನಿಂದ ಮಗಳ ದನಿ. ಕೈ ಜೇಬಿಗೆ ಹೋಯಿತು. ಹೊದಿಕೆ ಎತ್ತಿದ. ಗಂಟನ್ನು ತುರುಕಿದ. ಮಗುವಿನ ಕಣ್ಣು ಫಕ್ಕನೆ ತೆರೆಯಿತು. ಅವನನ್ನೇ ನೋಡಿತು. ಬಾಯಿ ಅಗಲವಾಯಿತು. ಅವನು ಓಡಿದ. ಬೆನ್ನ ಹಿಂದೆ ಆ ಅಳು. ಅದೇ ಅಳು. ವೆನ್ಲಾಳದೇ ದನಿ. ಕಾರಿನ ಬಾಗಿಲು ಎಳೆದ. ಒಳಗೆ ಮಗಳು ಕತ್ತು ವಾಲಿಸಿ ಮಲಗಿದ್ದಳು.

ಅವಳು ಮರುದಿನವೂ ಹಾಗೇ ಮಲಗಿದಳು. ಸೈಲಾ ಗಂಡನನ್ನು ಅಪ್ಪಿಕೊಂಡಳು. “ನರ್ಸ್ ಹೇಳಿರಲಿಲ್ವೇನೋ? ಸುಮ್ಮನೆ ಹೆದರ್ಕೊಂಡ್ಬಿಟ್ಟೆ ನೀನು!”

ಭಾನುವಾರ ಇಲ್ಪೊ ಮೀನು ಸೂಪಿಗೆ ಆಲೂಗಡ್ಡೆ ಹೆಚ್ಚುತ್ತಿದ್ದ. ವೆನ್ಲಾ ಮೊದಲ ಸಲ ಯಾರ ಆಸರೆಯೂ ಇಲ್ಲದೆ ನಡೆಯುತ್ತಿದ್ದಳು. ಅವನು ಬೆನ್ನು ತಿರುಗಿಸಿ ಸಿಪ್ಪೆ ಬಳಿದು ಬುಟ್ಟಿಗೆ ಹಾಕಿದ. ಮನೆಯಲ್ಲಿ ಒಂದೂ ಸದ್ದಿಲ್ಲ. ಆಮೇಲೆ ಮೂಗಿಗೆ ಏನೋ ಸೀದ ವಾಸನೆ ಬಂತು.

ತಿರುಗಿದ. ವೆನ್ಲಾ ಒಲೆಯ ಕಾದ ಕಬ್ಬಿಣದ ಬಾಗಿಲಿಗೆ ಅಂಗೈ ಊರಿ ನಿಂತಿದ್ದಳು. ಅವನನ್ನು ನೋಡುತ್ತಿದ್ದಳು. ಮುಖದಲ್ಲಿ ನೋವಿತ್ತು, ಬಾಯಿ ತೆರೆದೇ ಇತ್ತು, ಗಂಟಲ ನರಗಳು ಉಬ್ಬಿದ್ದವು. ದನಿ ಮಾತ್ರ ಹೊರಡಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರೂ ಇರಲಿಲ್ಲ.

ಅವನು ಕಿತ್ತೆಳೆದು ತಣ್ಣೀರಿನ ಕೆಳಗೆ ಆ ಪುಟ್ಟ ಕೈ ಹಿಡಿದ. ಚರ್ಮ ಸುಲಿದು ಬಂತು. ಸೈಲಾ ಓಡಿಬಂದಾಗ ಇಲ್ಪೊ ನೆಲದ ಮೇಲೆ ಕುಸಿದು ಮಗಳ ಹೆಗಲು ಅಲುಗಿಸುತ್ತಿದ್ದ.

“ಅಳೇ, ಚಿನ್ನಾ... ಅಳು. ಒಂದೇ ಒಂದು ಸಲ ಅಳು.”