ಹೆಪ್ಪುಗಟ್ಟದ ಸೀಸೆ

ಎರಡನೇ ಮಹಾಯುದ್ಧದ ಒಂದು ವರ್ಷ, ಇಂಗ್ಲೆಂಡಿನಲ್ಲಿ ಸೇಬು ಕೀಳುವ ಕಾಲ. ದಾನಿಗಳ ರಕ್ತದ ಪ್ಲಾಸ್ಮಾವನ್ನು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿ, ಒಣಗಿಸಿ, ಗಾಯಾಳು ಸೈನಿಕರಿಗೆ ಕಳಿಸುವುದು ನಮ್ಮ ಕೆಲಸ. ಶೀತದ ಕೋಣೆಯಲ್ಲಿ ತಿರುಗುತ್ತಿದ್ದ ಸೀಸೆಗಳೆಲ್ಲ ಕಲ್ಲಾದವು. ನಮ್ಮೂರಿನ ದಾನಿಗಳದ್ದನ್ನು ಒಟ್ಟಿಗೆ ತುಂಬಿದ್ದ ಸೀಸೆಯೊಂದು ಮಾತ್ರ ನೀರಾಗಿಯೇ ಇತ್ತು. ಮುಟ್ಟಿದರೆ ಮನುಷ್ಯರ ಮೈಯಷ್ಟು ಬೆಚ್ಚಗೆ.

“ಏನೇ ಐವಿ, ಕಂಕುಳಲ್ಲಿ ಇಟ್ಕೊಂಡಿದ್ಯಾ?” ಎಂದು ನಕ್ಕ ಜೊತೆಗಾತಿ ವಿನಿ, ಮುಟ್ಟಿದವಳೇ ಕೈ ಎಳೆದುಕೊಂಡಳು. “ಕೆಟ್ಟಿದೆ, ಚೆಲ್ಲೇ.”

“ಅಣ್ಣ ಯುದ್ಧಕ್ಕೆ ಹೋಗೋ ಮುಂಚೆ ಕೊಟ್ಟ ರಕ್ತಾನೂ ಇದರಲ್ಲಿದೆ ಕಣೇ.”

“ಇದ್ದರೇನು? ಹೆಪ್ಪುಗಟ್ಟದ್ದನ್ನ ಒಣಗಿಸೋಕಾಗುತ್ತಾ?”

ಚೆಲ್ಲಿದೆ. ಮೋರಿಯಿಂದ ಹಬೆ ಎದ್ದಿತು.

ಕ್ರಿಸ್‌ಮಸ್ಸಿಗೆ ಅಣ್ಣ ವಾಲ್ಟರ್ ಒಂದು ಗಾಯವೂ ಇಲ್ಲದೆ ಮನೆಗೆ ಬಂದ. ಓಡಿಹೋಗಿ ಕೈ ಹಿಡಿದವಳು ಕಿರುಚಿ ಬಿಟ್ಟುಬಿಟ್ಟೆ. ಬೆರಳು ಅಂಟಿಕೊಳ್ಳುವಷ್ಟು ತಣ್ಣಗಿತ್ತು.

“ಹೊರಗೆ ಚಳಿ ಕಣೇ,” ಎಂದ.

ಒಲೆಯ ಮುಂದೆ ಕೂರಿಸಿದೆವು. ಅವನಿಗೀಗ ಮೊಮ್ಮಕ್ಕಳಿದ್ದಾರೆ. ಆ ಕೈ ಇನ್ನೂ ಬೆಚ್ಚಗಾಗಿಲ್ಲ.